ಗುಂಡ ಎಂಬ ಬಿಳಿ ಪುಡಿ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಮಿಲನ್ ಕುಶಾಲನಗರದ ಠಾಣೆಯ ಮೆಟ್ಟಿಲು ಹತ್ತಿದಾಗ ಹೆಡ್ ಕಾನ್‌ಸ್ಟೇಬಲ್ ನೀಲಾವತಿ ಹಿಂದಿನ ದಿನ ಮಗುಚಿದ ಶುಂಠಿ ಲಾರಿಯ ಅಪಘಾತದ ನಕ್ಷೆ ಬರೆಯುತ್ತಿದ್ದಳು. ಬಂದವನ ಕೈಯಲ್ಲಿ ಟೈಪ್ ಮಾಡಿಸಿದ ದೂರು ಇತ್ತು. ಊರ ಹೊರಗಿನ ಕೈಗಾರಿಕಾ ಬಡಾವಣೆಯಲ್ಲಿ ಅವನದೊಂದು ಸಣ್ಣ ರಾಸಾಯನಿಕ ಘಟಕ. ಮಾತ್ರೆ ಮಾಡುವ ಕಂಪನಿಗಳಿಗೆ ಬೇಕಾದ ಒಂದೇ ಒಂದು ಪದಾರ್ಥ ಅಲ್ಲಿ ತಯಾರಾಗುತ್ತಿತ್ತು. ಜನವರಿಯಿಂದ ಮೂರು ಬ್ಯಾಚು ಸಾಲಾಗಿ ಕೆಟ್ಟಿವೆ, ಕೆಡಿಸಿದವನು ಆಪರೇಟರ್ ನಿತೇಶ್ ಎಂದು ದೂರು ಹೇಳುತ್ತಿತ್ತು.

ಇನ್‌ಸ್ಪೆಕ್ಟರ್ ಕುಶಾಲಪ್ಪ ಅದನ್ನು ಎರಡು ಸಲ ಓದಿದರು.

“ಕೆಟ್ಟಿದೆ ಅಂದ್ರೆ ಏನು? ಹಾಲು ಒಡೆದ ಹಾಗಾ?”

“ಎರಡು ತುಂಡು ಕೂಡಿ ಒಂದಾಗ್ಬೇಕು ಸರ್, ಅದು ನಮ್ಮ ಮಾಲು. ಈಗ ಅದರ ಜೊತೆಗೆ ಬೇಡದ್ದೂ ಹುಟ್ತಾ ಇದೆ. ಒಳಗೆ ಗಾಳಿ ಹೋದ್ರೆ ಹಾಗಾಗುತ್ತೆ. ಗಾಳಿ ಹೋಗದ ಹಾಗೆ ನೈಟ್ರೋಜನ್ ಲೈನ್ ನೋಡ್ಕೊಳ್ಳೋನು ಅವನೇ.”

“ಅವನಿಗೆ ನಿಮ್ಮ ಮೇಲೆ ಏನು ಸಿಟ್ಟು?”

ಹೆಂಡತಿಯ ಸ್ಕ್ಯಾನಿಂಗಿಗೆ ರಜೆ ಕೇಳಿದ್ದನಂತೆ, ಮಿಲನ್ ಕೊಟ್ಟಿರಲಿಲ್ಲ. ಆಗ ನಿತೇಶ್ ಎಲ್ಲರೆದುರು, ನಿಮ್ಮ ಬ್ಯಾಚು ಅದು ಹೇಗೆ ಇಳಿಯುತ್ತದೋ ನೋಡುತ್ತೇನೆ ಎಂದಿದ್ದನಂತೆ. ಕೇಳಿದವರು ನಾಲ್ಕೈದು ಜನ ಇದ್ದರು. ಕುಶಾಲಪ್ಪ ಎಫ್‌ಐಆರ್ ದಾಖಲಿಸಿ ಜೀಪು ತೆಗೆಸಿದರು.

ಘಟಕದ ಒಳಗೆ ಕಾಲಿಟ್ಟರೆ ಮೂಗಿಗೆ ಏನೋ ಒಂದು ಕಟು ವಾಸನೆ ಬಡಿಯುತ್ತಿತ್ತು. ದೊಡ್ಡ ಸ್ಟೀಲ್ ಹಂಡೆಯಂಥ ರಿಯಾಕ್ಟರ್, ಅದಕ್ಕೆ ಸುತ್ತಿಕೊಂಡ ಪೈಪುಗಳು. ಪಂಚನಾಮೆಗೆ ಪಂಚರಾಗಿ ಪಕ್ಕದ ಕಾಫಿ ಹುರಿಯುವ ಶೆಡ್ಡಿನ ಮೇಸ್ತ್ರಿಯೊಬ್ಬ ಸಿಕ್ಕಿದ. ಇನ್ನೊಬ್ಬರು ಬೇಕಿತ್ತು, ಬೇರೆ ಯಾರೂ ಸಿಗದೆ ಘಟಕದ ಸ್ಟೋರ್‌ಕೀಪರ್ ಪದ್ಮಯ್ಯನವರನ್ನೇ ನಿಲ್ಲಿಸಿಕೊಂಡರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಆ ಸೆಕೆಯಲ್ಲೂ ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡಿದ್ದರು.

ಬ್ಯಾಚಿಗೆ ಬಳಸುವ ಪ್ರತಿಯೊಂದರ ಮಾದರಿಯನ್ನೂ ನೀಲಾವತಿ ಬಟ್ಟೆಯಲ್ಲಿ ಕಟ್ಟಿಸಿ ಅರಗಿನ ಮುದ್ರೆ ಹಾಕಿಸಿದಳು. ಕೊನೆಗೆ ಉಳಿದದ್ದು ಒಂದು ಕಂದು ಬಾಟಲಿ. ಅದನ್ನು ಗಾಳಿಯಾಡದ ಗಾಜಿನ ಪೆಟ್ಟಿಗೆಯೊಂದರಲ್ಲಿಟ್ಟಿದ್ದರು. ಪೆಟ್ಟಿಗೆಯ ಗೋಡೆಗೇ ಅಂಟಿಸಿದ ಉದ್ದ ಕೈಗವಸಿನೊಳಗೆ ಕೈ ತೂರಿಸಿ, ಬಾಟಲಿಯನ್ನು ಅಲ್ಲೇ ತೆರೆದು ಅಲ್ಲೇ ಮುಚ್ಚಬೇಕು. ಬಾಟಲಿಯ ಚೀಟಿಯ ಮೇಲೆ ದುಂಡಗಿನ ಕೈಬರಹದಲ್ಲಿ ‘ಗುಂಡ’ ಎಂದಿತ್ತು.

“ಇದ್ಯಾರು ಗುಂಡ?” ಎಂದರು ಕುಶಾಲಪ್ಪ.

ಉತ್ತರ ಕೊಟ್ಟದ್ದು ಈಗಿನ ಕೆಮಿಸ್ಟ್ ಸೌಜನ್ಯ, ಕಾಲೇಜು ಮುಗಿಸಿ ಬಂದು ವರ್ಷವಾಗದ ಹುಡುಗಿ. ಅದು ಲಿಗ್ಯಾಂಡ್, ಕ್ರಿಯೆ ನಡೆಸುವ ಲೋಹದ ಜೊತೆಗಿರುವ ಪದಾರ್ಥ. ತುಂಬಾ ಜಾಗ ಹಿಡಿಯುವ ಜಾತಿ, ಅದಕ್ಕೇ ಗುಂಡ ಎಂಬ ಹೆಸರು. ಅದನ್ನು ಹೊರಗಿಂದ ತರಿಸಿದ್ದಲ್ಲ, ತನಗಿಂತ ಮೊದಲು ಇಲ್ಲಿ ಕೆಮಿಸ್ಟ್ ಆಗಿದ್ದ ಸಿಂಚನಾ ಅಕ್ಕ ಕೈಯಾರೆ ಮಾಡಿಟ್ಟದ್ದು. ಕೊನೆಯ ಬಾಟಲಿ ಇದು. ಇಷ್ಟು ಹೇಳಿ ಸೌಜನ್ಯ ಪದ್ಮಯ್ಯನವರ ಕಡೆ ನೋಡಿ ದನಿ ತಗ್ಗಿಸಿದಳು. ಸಿಂಚನಾ ಅವರ ಮಗಳು. ಒಬ್ಬಳೇ. ಹೋದ ವರ್ಷ ಇದೇ ಕಾಫಿ ಹೂವಿನ ಹೊತ್ತಿಗೆ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು.

ಪದ್ಮಯ್ಯ ಅದು ಯಾರದೋ ಸುದ್ದಿ ಎಂಬಂತೆ ನಿಂತಿದ್ದರು. ಬಾಟಲಿಗೆ ಬಟ್ಟೆ ಸುತ್ತುವಾಗ ಮಾತ್ರ ಮುಂದೆ ಬಂದರು.

“ಚೀಟಿ ಹರಿಯದ ಹಾಗೆ ಕಟ್ಟಿ ಮೇಡಂ.”

ಪಂಚನಾಮೆಗೆ ಸಹಿ ಹಾಕುವ ಮೊದಲು ಅವರು ಕಿಸೆಯಿಂದ ಕರವಸ್ತ್ರ ತೆಗೆದು ಕೈಯ ಬೆವರು ಒರೆಸಿಕೊಂಡರು. ನೀಲಾವತಿಗೆ ಬೆಳ್ಳುಳ್ಳಿ ಸಿಪ್ಪೆ ಸುಟ್ಟಂಥ ಒಂದು ಸಣ್ಣ ವಾಸನೆ ಬಂತು. ಮಧ್ಯಾಹ್ನದ ಊಟದ್ದಿರಬೇಕು ಎಂದುಕೊಂಡಳು.

ನಿತೇಶ್‌ನನ್ನು ನೋಟಿಸ್ ಕೊಟ್ಟು ಠಾಣೆಗೆ ಕರೆಸಿದ್ದರು. ಅವನು ಚಪ್ಪಲಿಯನ್ನು ಬಾಗಿಲಾಚೆಯೇ ಬಿಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದ.

“ಬ್ಯಾಚು ಹೇಗೆ ಇಳಿಯುತ್ತೆ ನೋಡ್ತೀನಿ ಅಂದೆಯಾ?”

“ಅಂದೆ ಸರ್.”

“ಯಾಕಂದೆ?”

“ನಾನಿಲ್ದೆ ಆ ವಾಲ್ವ್ ಯಾರಿಗೂ ಬರಲ್ಲ ಸರ್. ಆ ಅರ್ಥದಲ್ಲಿ ಅಂದಿದ್ದು. ಬಾಯಿ ನಂದು ಸ್ವಲ್ಪ ಜಾಸ್ತಿ.”

“ಗಾಳಿ ಬಿಟ್ಟೆಯಾ?”

“ಇಲ್ಲ.”

“ಮತ್ತೆ ಕೆಟ್ಟಿದ್ದು ಹೇಗೆ?”

“ಗೊತ್ತಿಲ್ಲ ಸರ್. ನಂಗೆ ಗೊತ್ತಿದ್ರೆ ಮೊದಲನೇ ಬ್ಯಾಚಿಗೇ ಹೇಳ್ತಿದ್ದೆ.”

ಇದನ್ನೇ ಹಿಂದೆಮುಂದೆ ಮಾಡಿ ಕೇಳಿದರೂ ಅವನ ಉತ್ತರ ಬದಲಾಗಲಿಲ್ಲ. ಒಂದು ಮಾತನ್ನು ಮಾತ್ರ ಕೇಳದೆಯೇ ಹೇಳಿದ. ಅಷ್ಟು ಜನರಲ್ಲಿ ಮಿಲನ್ ಸರ್ ಹತ್ತಿರ ಹೋಗಿ, ಆ ಹುಡುಗ ಅಂಥವನಲ್ಲ ಎಂದವರು ಸ್ಟೋರಿನ ಪದ್ಮಣ್ಣ ಒಬ್ಬರೇ.

ಮಾರನೆಯ ದಿನ ನೀಲಾವತಿ ಕಾನ್‌ಸ್ಟೇಬಲ್ ಚಂದ್ರುವಿನ ಜೊತೆ ನಿತೇಶ್‌ನ ಮನೆ ಶೋಧಿಸಲು ಚೆಟ್ಟಳ್ಳಿಗೆ ಹೋದಳು. ವಾರದ ಹಿಂದೆ ಬಿದ್ದ ಮಳೆಗೆ ತೋಟಗಳು ಬೆಳ್ಳಗೆ ಹೂ ಬಿಟ್ಟಿದ್ದವು. ಜೀಪಿನೊಳಗೆಲ್ಲ ಮಲ್ಲಿಗೆಯಂಥ ಪರಿಮಳ. ನಿತೇಶ್‌ನ ತಾಯಿ ಎಸ್ಟೇಟಿನ ಕೂಲಿಗಳ ಲೈನುಮನೆಯಲ್ಲಿದ್ದಳು, ಹೆರಿಗೆಗೆಂದು ಸೊಸೆ ದಿವ್ಯಳೂ ಅಲ್ಲಿಗೇ ಬಂದಿದ್ದಳು. ಹೊಟ್ಟೆ ಕೆಳಗಿಳಿದಿತ್ತು. ಮನೆಯಲ್ಲಿ ಸಿಗಬೇಕಾದ್ದು ಏನೂ ಇರಲಿಲ್ಲ, ಸಿಗಲೂ ಇಲ್ಲ. ಹೊರಡುವಾಗ ದಿವ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು.

“ಅಕ್ಕ, ಕೆಲಸದಿಂದ ತೆಗೆದ್ರೆ ಇಎಸ್‌ಐ ಆಸ್ಪತ್ರೇಲಿ ನನ್ನ ಸೇರಿಸ್ಕೊಳ್ತಾರಾ?”

ನೀಲಾವತಿ ವಿಚಾರಿಸಿ ಹೇಳುತ್ತೇನೆ ಎಂದಳು. ವಿಚಾರಿಸಿಯೂ ನೋಡಿದಳು. ಸಿಕ್ಕಿದ ಉತ್ತರವನ್ನು ಫೋನು ಮಾಡಿ ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಕುಶಾಲಪ್ಪ ಆ ಸಂಜೆಯೇ ಸ್ಪಷ್ಟವಾಗಿ ಹೇಳಿದರು. ಬೆದರಿಕೆಗೆ ಸಾಕ್ಷಿಗಳಿದ್ದಾರೆ, ನೈಟ್ರೋಜನ್ ಲೈನು ಅವನ ಕೈಯಲ್ಲಿತ್ತು, ಕೆಟ್ಟದ್ದೂ ಅವನ ಪಾಳಿಯಲ್ಲಿ. ಬೇರೇನೂ ಸಿಗದಿದ್ದರೆ ಸೋಮವಾರ ಅವನನ್ನು ದಸ್ತಗಿರಿ ಮಾಡುವುದೇ.

“ಗಾಳಿಯಿಂದಲೇ ಕೆಟ್ಟಿದ್ದು ಅಂತ ಯಾರು ಕಂಡಿದಾರೆ ಸರ್?” ಎಂದಳು ನೀಲಾವತಿ. “ಎಲ್ಲ ಅಂತಾರೆ. ಯಾರೂ ಕಂಡ ಹಾಗಿಲ್ಲ.”

ಅದೇ ಪ್ರಶ್ನೆಯನ್ನು ಕುಶಾಲಪ್ಪ ಫೋನಿನಲ್ಲಿ ಸೌಜನ್ಯಳಿಗೆ ದಾಟಿಸಿದರು. ಪರೀಕ್ಷೆಯ ಯಂತ್ರದಲ್ಲಿ ಬೇಡದ ಗೆರೆಯೊಂದು ಏಳುವುದನ್ನು ತಾನು ಕಂಡದ್ದು ನಿಜ, ಆದರೆ ಅದು ಯಾವ ವಸ್ತು ಎಂದು ತೂಗಿ ಹೇಳುವ ಯಂತ್ರ ತಮ್ಮಲ್ಲಿಲ್ಲ, ಗಾಳಿ ಎಂದದ್ದು ಊಹೆ ಎಂದಳು. ಕೆಟ್ಟ ಬ್ಯಾಚಿನ ಮಾದರಿಯನ್ನು ಅವಳೇ ಬಸ್ಸಿನಲ್ಲಿ ಮೈಸೂರಿನ ಪ್ರಯೋಗಾಲಯಕ್ಕೆ ಹೊತ್ತುಕೊಂಡು ಹೋದಳು.

ಶನಿವಾರ ಬೆಳಿಗ್ಗೆ ಸೌಜನ್ಯ ಠಾಣೆಗೆ ಬಂದಾಗ ಅವಳ ಕಣ್ಣು ಊದಿತ್ತು. ಹಿಂದಿನ ಸಂಜೆಯೇ ಫಲಿತಾಂಶ ಬಂದಿತ್ತಂತೆ. ಕುಶಾಲಪ್ಪ ಬಾಗಿಲು ಮುಚ್ಚಿಸಿ, ನೀಲಾವತಿಯನ್ನೂ ಕೂರಿಸಿಕೊಂಡು, ನಮಗೆ ಅರ್ಥವಾಗುವ ಹಾಗೆ ಹೇಳಮ್ಮ ಎಂದರು.

“ಪಲ್ಲಾಡಿಯಂ ಅಂತ ಲೋಹ ಸರ್. ಎರಡು ತುಂಡನ್ನ ಹತ್ತಿರ ತಂದು ಕೂಡಿಸೋದು ಅದೇ. ಆದ್ರೆ ಅದನ್ನ ಒಂಟಿ ಬಿಟ್ರೆ ಆಗಲ್ಲ, ಕಪ್ಪು ಪುಡಿಯಾಗಿ ತಳಕ್ಕೆ ಕೂತ್ಕೊಳ್ಳುತ್ತೆ. ಅದರ ಕೈ ಹಿಡ್ಕೊಳ್ಳೋಕೆ ಒಬ್ಬ ಬೇಕು. ಅದೇ ಲಿಗ್ಯಾಂಡ್. ಯಾರು ಕೈ ಹಿಡೀತಾರೆ ಅನ್ನೋದರ ಮೇಲೆ ಲೋಹ ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು.”

ಗುಂಡ ಹಿಡಿದುಕೊಂಡರೆ ಲೋಹದ ಸುತ್ತ ಜಾಗವೇ ಉಳಿಯುವುದಿಲ್ಲ. ಬಂದ ಎರಡು ತುಂಡುಗಳು ಇಕ್ಕಟ್ಟಿನಲ್ಲಿ ಬೇಗ ಕೂಡಿ ಹೊರಗೆ ಹೋಗುತ್ತವೆ, ಬೇರೆ ಆಟಕ್ಕೆ ಸಮಯವಿಲ್ಲ. ಸ್ಟೋರಿನಲ್ಲಿ ಬೇರೆ ಕೆಲಸಕ್ಕೆಂದು ಟಿಪಿಪಿ ಎನ್ನುವ ಇನ್ನೊಂದು ಲಿಗ್ಯಾಂಡ್ ಡ್ರಮ್ಮಿನಲ್ಲಿದೆ, ಅದೂ ಬಿಳಿ ಪುಡಿಯೇ. ಅದು ಹಿಡಿದರೆ ಕೆಲಸ ನಿಧಾನ. ತುಂಡುಗಳು ಲೋಹದ ಮೇಲೆ ಸುಮ್ಮನೆ ಕಾಯುತ್ತಾ ಕೂರುತ್ತವೆ. ಆ ಹೊತ್ತಿನಲ್ಲಿ ಟಿಪಿಪಿಯ ಮೈಯಿಂದಲೇ ಒಂದು ಚೂರು ಕಳಚಿ, ಕೂಡಬೇಕಾದವನ ಜಾಗದಲ್ಲಿ ತಾನು ಕೂಡಿಬಿಡುತ್ತದೆ.

“ಗಾಳಿ ಹೋಗಿದ್ರೆ ಒಂದೇ ಜಾತಿಯ ಎರಡು ತುಂಡು ತಮ್ಮತಮ್ಮಲ್ಲೇ ಕೂಡ್ತಿದ್ವು. ಅದರ ತೂಕವೇ ಬೇರೆ. ಇಲ್ಲಿ ಸಿಕ್ಕಿರೋದು ಟಿಪಿಪಿಯ ಚೂರು ಸೇರಿದ್ದು. ನಿತೇಶಣ್ಣ ಏನೂ ಮಾಡಿಲ್ಲ ಸರ್. ಗುಂಡನ ಬಾಟಲಿಯಲ್ಲಿ ಗುಂಡ ಇಲ್ಲ.”

“ಅಂದ್ರೆ ಕಳ್ಳ ತನ್ನ ಅಂಗಿಯ ಚೂರು ಅಲ್ಲೇ ಬಿಟ್ಟು ಹೋಗಿದಾನೆ,” ಎಂದರು ಕುಶಾಲಪ್ಪ. “ನೀವು ಬಾಟಲಿಯ ಪುಡಿನ ತೂಗೋವಾಗ ಗೊತ್ತಾಗ್ಲಿಲ್ವಾ?”

ಹೊರಗಿಂದ ಬಂದ ಪ್ರತಿ ಬಾಟಲಿಯನ್ನೂ ಪರೀಕ್ಷಿಸುತ್ತೇವೆ, ಘಟಕದಲ್ಲೇ ಮಾಡಿದ್ದನ್ನು ಮಾಡಿದ ದಿನ ಒಮ್ಮೆ ನೋಡಿದರೆ ಮತ್ತೆ ನೋಡುವ ರೂಢಿಯಿಲ್ಲ ಎಂದಳು ಸೌಜನ್ಯ. ಸಿಂಚನಾ ಅಕ್ಕನ ಕೈಬರಹದ ಚೀಟಿ ಇದ್ದ ಮೇಲೆ ಅನುಮಾನ ಪಡುವುದು ಅವಳಿಗೆ ತೋಚಿಯೂ ಇರಲಿಲ್ಲ. ವಾಸನೆಯಲ್ಲಾದರೂ ಗೊತ್ತಾಗಬೇಕಿತ್ತು. ಆದರೆ ಗಾಜಿನ ಪೆಟ್ಟಿಗೆಯೊಳಗೆ ತೆರೆಯುವ ಬಾಟಲಿಯ ವಾಸನೆ ಹೊರಗಿನವರ ಮೂಗಿಗೆ ಬರುವುದಾದರೂ ಹೇಗೆ?

“ವಾಸನೆನಾ?” ಎಂದಳು ನೀಲಾವತಿ.

ಸೌಜನ್ಯ ಚೀಲದಿಂದ ಒಂದು ಖಾಲಿ ಕಂದು ಬಾಟಲಿ ತೆಗೆದಳು. ಹಿಂದೆ ಮುಗಿದು ಹೋಗಿದ್ದ, ಬಿಗಿಯಾಗಿ ಮುಚ್ಚಿಟ್ಟಿದ್ದ ಗುಂಡನ ಬಾಟಲಿ. ಗುಂಡನಿಗೆ ಜೋರು ವಾಸನೆ, ಟಿಪಿಪಿಗೆ ಇಲ್ಲವೆಂದೇ ಹೇಳಬಹುದು, ಹೋಲಿಸಿ ನೋಡಲು ಬೇಕಾದೀತೆಂದು ತಂದಿದ್ದೆ ಎಂದಳು. ಮುಚ್ಚಳ ತಿರುವಿ ದೂರದಿಂದಲೇ ಕೈ ಬೀಸಿ ತೋರಿಸಿದಳು. ಕುಶಾಲಪ್ಪ ಮುಖ ಹಿಂಡಿದರು.

ಸುಟ್ಟ ಬೆಳ್ಳುಳ್ಳಿ ಸಿಪ್ಪೆ. ನೀಲಾವತಿಗೆ ಆ ಕರವಸ್ತ್ರ ಕಣ್ಣಿಗೆ ಕಟ್ಟಿತು, ನಾಲ್ಕು ಮಡಿಕೆಯದು. ಚೀಟಿ ಹರಿಯದ ಹಾಗೆ ಕಟ್ಟಿ ಮೇಡಂ. ಅವಳಿಗೆ ಒಂದು ಕ್ಷಣ, ಇದು ನನಗೆ ಗೊತ್ತಾಗದೆ ಹೋಗಿದ್ದರೆ ಎನ್ನಿಸಿತು. ಹೊರಗೆ ಜಗುಲಿಯ ಬೆಂಚಿನ ಮೇಲೆ ನಿತೇಶ್ ಕೂತಿದ್ದ. ದಿನವೂ ಬಂದು ಹಾಜರಿ ಹಾಕಬೇಕೆಂದು ಅವನಿಗೆ ಹೇಳಿದ್ದರು. ಕಿಟಕಿಯಲ್ಲಿ ಅವನ ಬೋಳು ಕತ್ತು ಕಾಣುತ್ತಿತ್ತು.

“ಸರ್, ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?” ಎಂದಳು.

ಸೌಜನ್ಯ ತಲೆ ತಗ್ಗಿಸಿದಳು. ನಿನ್ನೆ ಸಂಜೆ ಫಲಿತಾಂಶ ಬಂದ ಕೂಡಲೇ ಸಂತೋಷಕ್ಕೆ ಪದ್ಮಣ್ಣನಿಗೇ ಮೊದಲು ಹೇಳಿದೆ ಎಂದಳು. ನಿತೇಶಣ್ಣ ಉಳಿದ, ಬಾಟಲಿ ಯಾರೋ ಬದಲಾಯಿಸಿದ್ದಾರೆ ಎಂದು. ಅವರು ಹೌದಾ ಎಂದರು. ಅಲ್ಲೇ ಕಟ್ಟೆಯ ಮೇಲೆ ಕೂತರು. ಅವರ ಮುಖ ಕಂಡಾಗಲೇ ತನಗೆ ಭಯವಾಯಿತು, ಭಯ ಯಾಕೆ ಎಂದು ಮನೆಗೆ ಹೋದ ಮೇಲೆ ತಿಳಿಯಿತು ಎಂದಳು. ಇವತ್ತು ಅವರು ಕೆಲಸಕ್ಕೆ ಬಂದಿಲ್ಲ.

ಪದ್ಮಯ್ಯನವರದು ಗುಂಡೂರಾವ್ ಬಡಾವಣೆಯಲ್ಲಿ ಬಾಡಿಗೆ ಮನೆ. ಜೀಪು ನಿಂತಾಗ ಅವರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮುಂದಿನ ಸಿಟೌಟಿನಲ್ಲಿ ಚಪ್ಪಲಿ ಹಾಕಿಕೊಂಡೇ ಕೂತಿದ್ದರು.

“ಸ್ಟೇಷನ್‌ಗೆ ಬರ್ಕು ತೇಳಿ ಹೊರಟೆ ಸರ್,” ಎಂದರು. “ಕಾಲ್ ಏಳ್ಲಿಲ್ಲೆ.”

ಕುಶಾಲಪ್ಪನವರ ಮನೆಮಾತೂ ಅದೇ ಅರೆಭಾಷೆ. ಎದುರಿನ ಕುರ್ಚಿ ಎಳೆದು ಕೂತು, ಪುಡಿ ಎಲ್ಲಿದೆ ಎಂದು ಅದರಲ್ಲೇ ಕೇಳಿದರು.

“ಎಲ್ಲಿ ಉಟ್ಟು ಪದ್ಮಣ್ಣ?”

ಒಳಕೋಣೆಯ ಗೋದ್ರೆಜ್ ಬೀರುವಿನಲ್ಲಿ, ಮಗಳ ಖಾಲಿ ಹ್ಯಾಂಗರುಗಳ ಕೆಳಗೆ, ಉಪ್ಪಿನಕಾಯಿಯ ಗಾಜಿನ ಭರಣಿ ಇತ್ತು. ಅದರಲ್ಲಿ ಅರ್ಧದಷ್ಟು ಬಿಳಿ ಪುಡಿ. ಅಕ್ಕಪಕ್ಕದ ಮನೆಯವರಿಬ್ಬರನ್ನು ಪಂಚರಾಗಿ ಕರೆದರು. ಈಗಿನ ಕಾನೂನಿನಂತೆ ಚಂದ್ರು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಪುಡಿ ಗುರುತಿಸಲೆಂದು ಸೌಜನ್ಯಳನ್ನೂ ಜೊತೆಗೆ ಕರೆತಂದಿದ್ದರು. ಪದ್ಮಯ್ಯನವರ ಹೆಂಡತಿ ಮಾಲತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಾವುದೋ ಬೇರೆ ಮನೆಯಲ್ಲಿ ನಡೆಯುತ್ತಿದೆ ಎಂಬ ಹಾಗೆ ನೋಡುತ್ತಿದ್ದಳು.

ಹೇಳಿಕೆಯಲ್ಲಿ ಪದ್ಮಯ್ಯ ಏನನ್ನೂ ಮುಚ್ಚಿಡಲಿಲ್ಲ. ಗುಂಡನನ್ನು ಮಾಡುವ ದಿನಗಳಲ್ಲಿ ಸಿಂಚನಾ ಮನೆಗೆ ಬಂದರೆ ಅವಳ ಕೂದಲು, ದುಪ್ಪಟ್ಟಾ, ಕೈಚೀಲ ಎಲ್ಲ ಅದೇ ನಾತ. ಎರಡು ಸಲ ತಲೆಗೆ ಸೀಗೆ ಹಾಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಅವರು ಮೂಗು ಮುಚ್ಚಿಕೊಂಡು, ಇಂಥವಳನ್ನು ಯಾರು ಮದುವೆಯಾಗುತ್ತಾನೆ ಎಂದು ಗೇಲಿ ಮಾಡುತ್ತಿದ್ದರು. ಅವಳು ಬೇಕೆಂದೇ ಬಂದು ಪಕ್ಕಕ್ಕೆ ಒತ್ತಿ ಕೂರುತ್ತಿದ್ದಳು. ಅವಳು ಹೋದ ಮೇಲೆ ಸೂತಕ ಕಳೆಯುವ ದಿನ ಪದ್ಧತಿಯಂತೆ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದರು, ಅವಳವನ್ನು ಒಗೆದು ದಾನ ಕೊಟ್ಟರು. ಮನೆಯಲ್ಲಿ ಸೋಪಿನ ಪರಿಮಳ ಬಿಟ್ಟರೆ ಏನೂ ಉಳಿಯಲಿಲ್ಲ. ಫೋಟೋ ಇತ್ತು. ಫೋಟೋದಲ್ಲಿ ಅವಳು ಸಿಗಲಿಲ್ಲ ಎಂದರು.

ಜನವರಿಯಲ್ಲಿ ಕೊನೆಯ ಬಾಟಲಿಯನ್ನು ಸ್ಟೋರಿನಿಂದ ಹೊರಗೆ ತೆಗೆದಾಗ ಮುಚ್ಚಳ ಸಡಿಲವಿತ್ತು. ಬಿಗಿ ಮಾಡಲು ಹೋದವರು ಹಾಗೇ ನಿಂತರು. ಮಗಳು, ಅವರ ಚಿನ್ನಿ, ಪಕ್ಕದಲ್ಲಿ ಬಂದು ಕೂತ ಹಾಗಾಯಿತು. ಇದೂ ಹಂಡೆಗೆ ಬಿದ್ದು ತೀರಿಹೋದರೆ ಮತ್ತೆಲ್ಲಿ?

“ಆ ಜಾಗಕ್ಕೆ ಟಿಪಿಪಿ ತುಂಬಿದ್ರಿ.”

“ತುಂಬ್ದೆ. ಅದೂ ಲಿಗ್ಯಾಂಡ್ ತೇಳಿ ಮಗಳೇ ಒಂದ್ಸಲ ಹೇಳಿತ್ತ್. ಇದೂ ಬಿಳಿ, ಅದೂ ಬಿಳಿ. ಕೆಲ್ಸ ನಡೀತದೆ ತೇಳಿ ಗ್ರಹಿಸ್ದೆ.”

“ಬ್ಯಾಚು ಕೆಟ್ಟಾಗ?”

“ಗಾಳಿ ಹೋತ್ ತೇಳಿ ಓದಿದವೆಲ್ಲ ಹೇಳ್ದೊ. ನಾನೂ ನಂಬಿದೆ. ನಿತೇಶನೂ ಅಂಥವ ಅಲ್ಲ, ಏನೋ ಪೈಪು ಸವೆದುಟ್ಟು ತೇಳಿ ಗ್ರಹಿಸ್ದೆ. ನನ್ನಿಂದ ತೇಳಿ ನಿನ್ನೆ ಗೊತ್ತಾತ್. ಅವಂಗೆ ಮಗು ಆಗ್ವ ಸಮಯ.”

ಅಡುಗೆಮನೆಯ ಬಾಗಿಲಿನಿಂದ ಮಾಲತಿ ಮಾತಾಡಿದಳು. ದನಿ ಏರಲಿಲ್ಲ.

“ತಲೆದಿಂಬಿನ ಕವರೂ ಬಿಡ್ಲಿಲ್ಲೆ ನಾನ್. ನಾನೇ ಒಗ್ದ್‌ದ್. ಒಂದ್ ಮಾತ್ ಹೇಳಿಕೆ ಆಗದಿತ್ತಾ ನಿಮ್ಗೆ?”

ಪದ್ಮಯ್ಯ ಅವಳ ಕಡೆ ತಿರುಗಲಿಲ್ಲ. ಸೌಜನ್ಯಳನ್ನು ಕೇಳಿದರು.

“ಒಂದ್ ತಿಂಗಳಿಂದ ವಾಸನೆ ಕಮ್ಮಿ ಆಗ್ತಾ ಬಂತ್ ಮಗ. ದಿನಾ ಒಂದ್ಸಲ ಮಾತ್ರ ಕರವಸ್ತ್ರಕ್ಕೆ ತಾಗಿಸಿಕೆ ತೆಗೀತಿದ್ದೆ, ಹೆಚ್ಚಿಲ್ಲೆ. ಎಂತಕ್ಕೆ ಹಂಗೆ?”

ಉತ್ತರ ಸೌಜನ್ಯಳಿಗೆ ಗೊತ್ತಿತ್ತು. ಜೀಪಿನಲ್ಲಿ ಬರುವಾಗ ಅವಳು ನೀಲಾವತಿಗೆ ಅದನ್ನು ಹೇಳಿದ್ದಳು. ಗುಂಡನಿಗೆ ಗಾಳಿ ತಾಗಬಾರದು, ತಾಗಿದರೆ ಗಾಳಿಯಲ್ಲಿನ ಆಮ್ಲಜನಕದ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತದೆ. ಆಮೇಲೆ ಅದು ಲೋಹದ ಕೈ ಹಿಡಿಯುವುದಿಲ್ಲ. ಬಣ್ಣ ಅದೇ ಬಿಳಿ, ವಾಸನೆ ಮಾತ್ರ ಹೋಗುತ್ತದೆ. ಅದಕ್ಕೇ ಆ ಗಾಜಿನ ಪೆಟ್ಟಿಗೆ. ಅವರು ತೆರೆದ ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ಸತ್ತಿರುತ್ತದೆ.

“ಹಳೇದಾದ್ರೆ ಹಂಗೇ ಪದ್ಮಣ್ಣ,” ಎಂದಳು ಸೌಜನ್ಯ.

ಭರಣಿಗೆ ಬಟ್ಟೆ ಸುತ್ತುವ ಮೊದಲು ಪದ್ಮಯ್ಯ ಕೈ ಚಾಚಲಿಲ್ಲ, ಬರಿದೇ ನೋಡಿದರು. ಕುಶಾಲಪ್ಪ ಚಂದ್ರುವಿಗೆ ಮೊಬೈಲು ಬಂದ್ ಮಾಡಲು ಹೇಳಿ, ಸಿಟೌಟಿಗೆ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ನೀಲಾವತಿ ಮುಚ್ಚಳ ತಿರುಗಿಸಿ ಭರಣಿಯನ್ನು ಅವರ ಮುಖದ ಹತ್ತಿರ ಹಿಡಿದಳು. ಅವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

“ಉಟ್ಟು,” ಎಂದರು. “ಇನ್ನೂ ಉಟ್ಟು.”

ಮುಚ್ಚುವಾಗ ನೀಲಾವತಿಯೂ ಮೂಗು ಹತ್ತಿರ ತಂದಳು. ಗಾಜಿನ ತಂಪು ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ದಸ್ತಗಿರಿ ಮೆಮೊ ಆಯಿತು. ಮನೆಯವರಿಗೆ ತಿಳಿಸಿದ ಬಗ್ಗೆ ಮಾಲತಿಯ ಸಹಿ ತೆಗೆದುಕೊಂಡರು. ಜೀಪು ಠಾಣೆಗೆ ಬಂದಾಗ ನಿತೇಶ್ ರೂಢಿಯಂತೆ ಬೆಂಚಿನಿಂದ ಎದ್ದು, ಪದ್ಮಣ್ಣ ನೀವ್ಯಾಕೆ ಬಂದ್ರಿ, ನನಗೋಸ್ಕರನಾ ಎಂದು ಕೇಳಿದ. ಪದ್ಮಯ್ಯ ಅವನ ಭುಜದ ಮೇಲೆ ಕೈಯಿಟ್ಟು ಒಳಗೆ ನಡೆದರು. ನೀಲಾವತಿ ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದಳು, ನೀನಿನ್ನು ಚೆಟ್ಟಳ್ಳಿಗೆ ಹೋಗು ಎಂದಳು. ಅವನು ಹೋಗಲಿಲ್ಲ. ನಾಲ್ಕು ಗಂಟೆಗೆ ಪದ್ಮಯ್ಯನವರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯುವವರೆಗೂ ಅದೇ ಬೆಂಚಿನ ಮೇಲೆ ಕೂತಿದ್ದ.

ಅದಕ್ಕೆ ಮೊದಲು, ರಿಮಾಂಡ್ ಅರ್ಜಿ ಬರೆಯುವಾಗ ಕುಶಾಲಪ್ಪ ಮನೆಯಲ್ಲಿ ಮಾಡಿದ ಪಂಚನಾಮೆಯನ್ನು ಮತ್ತೆ ಓದಿದ್ದರು. ವಶಪಡಿಸಿಕೊಂಡ ವಸ್ತುವಿನ ವಿವರಣೆಯ ಹತ್ತಿರ ಅವರ ಬೆರಳು ನಿಂತಿತು. ನೀಲಾವತಿಯ ಅಕ್ಷರದಲ್ಲಿ, ‘ಗಾಜಿನ ಭರಣಿಯಲ್ಲಿ ಅರ್ಧದಷ್ಟು ಬಿಳಿ ಪುಡಿ, ಸ್ವಲ್ಪ ವಾಸನೆ ಇರುವಂಥದ್ದು’ ಎಂದಿತ್ತು.

“ವಾಸನೆ ಇತ್ತಾ ನೀಲಾವತಿ?”

“ಅವರಿಗೆ ಬಂತು ಸರ್.”

ಕುಶಾಲಪ್ಪ ಪೆನ್ನು ಎತ್ತಿಕೊಂಡರು. ಕೃತ್ಯದ ಉದ್ದೇಶ ಎನ್ನುವ ಕಡೆ ಲಾಭ ಎಂದು ಬರೆಯುವಂತಿರಲಿಲ್ಲ, ದ್ವೇಷ ಎಂದೂ ಬರೆಯುವಂತಿರಲಿಲ್ಲ. ‘ಮಗಳ ನೆನಪಿಗಾಗಿ’ ಎಂದು ಬರೆದರು. ಆಮೇಲೆ ಪಂಚನಾಮೆಯ ಸಾಲನ್ನು ಇದ್ದ ಹಾಗೆಯೇ, ಸ್ವಲ್ಪ ವಾಸನೆ ಇರುವಂಥದ್ದು ಎಂಬುದನ್ನೂ ಸೇರಿಸಿ, ಅರ್ಜಿಗೆ ಇಳಿಸಿಕೊಂಡರು.